ಸ್ಮೋಕ್ ಡಿಟೆಕ್ಟರ್‌ಗೆ ಧೂಳು ಹಿಡಿದಾಗ

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಹೆರಿಗೆಯಾಗಿ ಹನ್ನೆರಡು ದಿನವಾಗಿತ್ತು. ತಾಯಿಗೆ ಸೊಂಟನೋವು. ಮಗುವಿಗೆ ಮೂಗು ಕಟ್ಟಿ ಹಾಲು ಕುಡಿಯಲು ಕಷ್ಟ. ಕೋಣೆಯ ಮೂಲೆಯಲ್ಲಿ ಕೆಂಡದ ಬಟ್ಟಲು, ಅದರ ಮೇಲೆ ಲೋಬಾನ, ಕಿಟಕಿಗಳೆಲ್ಲ ಮುಚ್ಚಿದ್ದವು. ಮಗುವನ್ನು ಪರೀಕ್ಷಿಸಿ ತಲೆ ಎತ್ತಿದಾಗ ಸೀಲಿಂಗಿನಲ್ಲಿ ಒಂದು ವಿಚಿತ್ರ ಕಂಡಿತು. ಅಲ್ಲಿದ್ದ ಸ್ಮೋಕ್ ಡಿಟೆಕ್ಟರ್‌ಗೆ ಯಾರೋ ಪ್ಲಾಸ್ಟಿಕ್ ಚೀಲ ತೊಡಿಸಿ, ಸುತ್ತ ರಬ್ಬರ್ ಬ್ಯಾಂಡ್ ಹಾಕಿದ್ದರು.

"ಇದೇನು ಖಾಲಾ?" ಎಂದು ಮಗುವಿನ ಅಜ್ಜಿಯನ್ನು ಕೇಳಿದೆ.

"ಅದಾ ಹಕೀಮ್ ಸಾಹೇಬ್ರೇ, ಲೋಬಾನ ಹಾಕಿದ ಕೂಡಲೇ ಕಿರುಚುತ್ತೆ. ಈಗೀಗ ಹಾಕದೇ ಇದ್ರೂ ಕಿರುಚುತ್ತೆ. ಮಗು ಬೆಚ್ಚಿ ಬೀಳುತ್ತೆ. ಅದಕ್ಕೇ ನಮ್ಮ ದೊಡ್ಡವನು ಅದರ ಬಾಯಿ ಕಟ್ಟಿಬಿಟ್ಟ."

ಆ ತಾಯಿ ಹೇಳಿದ್ದರಲ್ಲಿ ಎರಡು ಬೇರೆ ಬೇರೆ ಮಾತುಗಳಿದ್ದವು. ಲೋಬಾನ ಹಾಕಿದಾಗ ಕೂಗುವುದು ಡಿಟೆಕ್ಟರ್‌ನ ಕೆಲಸ, ಅದು ತಪ್ಪಲ್ಲ. ಏನೂ ಹಾಕದಿದ್ದಾಗಲೂ ಕೂಗುವುದು ಮಾತ್ರ ಅದರ ಕಾಯಿಲೆ. ಆ ಕಾಯಿಲೆಯ ಹೆಸರು ಧೂಳು. ಅದು ಎಷ್ಟು ಹಿಡಿದಿದೆ ಎಂದು ಅಳೆಯಲು ಬರುತ್ತದೆ, ಹೆಚ್ಚಿನ ಸಂದರ್ಭಗಳಲ್ಲಿ ಅರ್ಧ ಗಂಟೆಯಲ್ಲಿ ವಾಸಿ ಮಾಡಲೂ ಬರುತ್ತದೆ. ಆದರೆ ನಮ್ಮಲ್ಲಿ ಯಾರೂ ಅಳೆಯುವುದಿಲ್ಲ, ಬಾಯಿ ಕಟ್ಟುತ್ತೇವೆ. ನಾನೂ ಒಮ್ಮೆ ಕಟ್ಟಿಸಿದವನೇ. ಅದನ್ನು ಮುಂದೆ ಹೇಳುತ್ತೇನೆ.

ಆರೋಗ್ಯದ ಪುಟದಲ್ಲಿ ಫೈರ್ ಅಲಾರ್ಮಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಯುನಾನಿ ವೈದ್ಯದಲ್ಲಿ ಮನುಷ್ಯನ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳನ್ನು ಹೇಳುತ್ತಾರೆ, 'ಅಸ್ಬಾಬ್ ಎ ಸಿತ್ತಾ ಝರೂರಿಯಾ' ಎಂದು. ಅವುಗಳಲ್ಲಿ ಮೊದಲನೆಯದು ಹವಾ, ಅಂದರೆ ಗಾಳಿ. ಊಟ, ನೀರು, ನಿದ್ದೆ ಎಲ್ಲವೂ ಅದರ ನಂತರ. ಬೆಂಕಿ ಅನಾಹುತ ಕೂಡ ಮೊದಲು ಗಾಳಿಯ ಅನಾಹುತವೇ. ಬೆಂಕಿ ಅವಘಡಗಳಲ್ಲಿ ತೀರಿಕೊಳ್ಳುವ ಬಹುಪಾಲು ಜನ ಸುಟ್ಟು ಸಾಯುವುದಿಲ್ಲ, ಹೊಗೆ ಕುಡಿದು ಸಾಯುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಾಸಿಗೆ, ಸೋಫಾಗಳ ಫೋಮ್ ಉರಿದರೆ ಸಯನೈಡ್ ಅನಿಲವೂ ಹುಟ್ಟುತ್ತದೆ. ಮಲಗಿದವನನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಎಂದು ನಂಬಿ ಕೂರುವಂತಿಲ್ಲ. ನಿದ್ದೆಯಲ್ಲಿ ಮೂಗೂ ನಿದ್ರಿಸುತ್ತದೆ, ಕಿವಿ ಮಾತ್ರ ಸ್ವಲ್ಪ ಎಚ್ಚರವಾಗಿರುತ್ತದೆ. ಹೊಗೆಯನ್ನು ಸದ್ದಾಗಿ ಬದಲಿಸಿ ಆ ಕಿವಿಗೆ ಮುಟ್ಟಿಸುವುದೇ ಈ ಉಪಕರಣದ ಕೆಲಸ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ತೀರಿಕೊಂಡದ್ದು ಹಲವರಿಗೆ ನೆನಪಿರಬಹುದು. ಅಲ್ಲಿ ಜನರ ಜೀವಕ್ಕೆ ಎರವಾದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಅದು ವಿದ್ಯುತ್ ತಂತಿಗಳ ಡಕ್ಟಿನಲ್ಲಿ ಹುಟ್ಟಿ ಮೇಲಿನ ಮಹಡಿಗಳನ್ನು ತುಂಬಿತ್ತು. ಉಸಿರುಗಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಮರುವರ್ಷ, 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎದ್ದ ಹೊಗೆ ವಾರ್ಡುಗಳಿಗೆ ಹಬ್ಬಿ ತೊಂಬತ್ತರಷ್ಟು ಜನರ ಪ್ರಾಣ ತೆಗೆಯಿತು. ಅವರಲ್ಲಿ ಹೆಚ್ಚಿನವರು ಹಾಸಿಗೆಯಿಂದ ಏಳಲಾಗದ ರೋಗಿಗಳು.

ರಾತ್ರಿಯ ಬೆಂಕಿಯ ಬಗ್ಗೆ ನಮಗೆ ಹಿಂದೆಯೇ ಎಚ್ಚರಿಕೆ ಇದೆ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಮಂದಿಯ ಸಮೇತ ಸುಟ್ಟುಹೋದ ಸುದ್ದಿ ಬಂದಾಗ ಪ್ರವಾದಿ ಮುಹಮ್ಮದ್(ಸ)ರು ಬೆಂಕಿಯನ್ನು ಮನುಷ್ಯನ ಶತ್ರುವೆಂದು ಕರೆದು, ಮಲಗುವ ಮುನ್ನ ಅದನ್ನು ನಂದಿಸುವಂತೆ ಹೇಳಿದ್ದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಅಂದಿನ ಮನೆಯಲ್ಲಿ ದೀಪ ಮತ್ತು ಒಲೆ ನಂದಿಸಿದರೆ ಮುಗಿಯಿತು. ಇಂದಿನ ಮನೆಯಲ್ಲಿ ಫ್ರಿಜ್, ಇನ್ವರ್ಟರ್, ಚಾರ್ಜಿಗೆ ಹಾಕಿದ ಮೊಬೈಲ್, ಕೆಳಗೆ ಪಾರ್ಕಿಂಗಿನಲ್ಲಿ ಚಾರ್ಜ್ ಆಗುತ್ತಿರುವ ಸ್ಕೂಟರ್ ಇವೆಲ್ಲ ರಾತ್ರಿಯಿಡೀ ಎಚ್ಚರವಾಗಿರುತ್ತವೆ. ನಂದಿಸಲಾಗದ ಬೆಂಕಿಗೆ ಕಾವಲು ಬೇಕು. ಆ ಕಾವಲುಗಾರನ ಕಣ್ಣಿಗೆ ಪೊರೆ ಬಂದಿದೆಯೇ ಎಂದು ಆಗಾಗ ನೋಡಲೂ ಬೇಕು.

ಧೂಳು ಮಾಡುವ ಎರಡು ಬಗೆಯ ಕೇಡು

ಈಗ ಅಪಾರ್ಟ್‌ಮೆಂಟ್, ಆಸ್ಪತ್ರೆ, ಹಾಸ್ಟೆಲ್‌ಗಳಲ್ಲಿ ಹೆಚ್ಚಾಗಿ ಹಾಕುವುದು ಬೆಳಕಿನಿಂದ ಕೆಲಸ ಮಾಡುವ ಡಿಟೆಕ್ಟರ್. ಅದರೊಳಗೆ ಒಂದು ಪುಟ್ಟ ಕಪ್ಪು ಗೂಡು ಇರುತ್ತದೆ. ಒಂದು ಕಡೆಯಿಂದ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬರುತ್ತದೆ. ಅದನ್ನು ಗ್ರಹಿಸುವ ಸೆನ್ಸರ್ ಎದುರಿಗೆ ಇರದೆ ಓರೆಯಾಗಿ ಕೂತಿರುತ್ತದೆ. ಗಾಳಿ ಶುದ್ಧವಾಗಿದ್ದರೆ ಬೆಳಕು ನೇರ ಹೋಗಿ ಕಪ್ಪು ಗೋಡೆಯಲ್ಲಿ ಕರಗುತ್ತದೆ, ಸೆನ್ಸರ್‌ಗೆ ಬಹುತೇಕ ಕತ್ತಲೆಯೇ. ಹೊಗೆ ಒಳಬಂದರೆ ಅದರ ಕಣಗಳಿಗೆ ಬಡಿದು ಬೆಳಕು ಚದುರುತ್ತದೆ, ಸೆನ್ಸರ್‌ಗೂ ಬೀಳುತ್ತದೆ. ಮಧ್ಯಾಹ್ನ ಹಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ತೊಂದರೆ ಶುರುವಾಗುವುದು ಆ ಕಪ್ಪು ಗೋಡೆ ಕಪ್ಪಾಗಿ ಉಳಿಯದಿದ್ದಾಗ. ವರ್ಷಗಳ ಧೂಳು ಅದರ ಮೇಲೆ ಬೂದುಬಣ್ಣದ ಪದರವಾಗಿ ಕೂತರೆ, ಹೊಗೆ ಇಲ್ಲದಿದ್ದರೂ ಸ್ವಲ್ಪ ಬೆಳಕು ಸೆನ್ಸರ್ ಕಡೆಗೆ ಮರಳುತ್ತದೆ. ಡಿಟೆಕ್ಟರ್‌ನ ಲೆಕ್ಕದಲ್ಲಿ ಅದು ಹೊಗೆಯೇ.

ಸಂಖ್ಯೆಯಲ್ಲಿ ಹೇಳಿದರೆ ಇನ್ನೂ ಸುಲಭ. ಅಪೋಲೊ ಎಕ್ಸ್‌ಪಿ95 ಎಂಬ ಮಾದರಿಯನ್ನು ತೆಗೆದುಕೊಳ್ಳಿ. ಪ್ರತಿ ಡಿಟೆಕ್ಟರ್ ತಾನು ಕಾಣುತ್ತಿರುವುದನ್ನು ಒಂದು ಅಂಕಿಯಾಗಿ ಪ್ಯಾನೆಲ್ಲಿಗೆ ಕಳಿಸುತ್ತಲೇ ಇರುತ್ತದೆ. ಶುದ್ಧ ಗಾಳಿಯಲ್ಲಿ ಆ ಅಂಕಿ 25ರ ಆಸುಪಾಸು. 45ಕ್ಕೆ ಮುನ್ನೆಚ್ಚರಿಕೆ, 55ಕ್ಕೆ ಅಲಾರ್ಮ್. ಹೊಸ ಡಿಟೆಕ್ಟರ್ ಕೂಗಬೇಕಾದರೆ ಹೊಗೆ 30 ಅಂಕಿಗಳಷ್ಟು ಏರಿಸಬೇಕು. ಧೂಳೇ ಅದನ್ನು 42ಕ್ಕೆ ತಂದಿಟ್ಟಿದ್ದರೆ ಉಳಿದದ್ದು ಬರೀ 13. ಆಗ ಬಚ್ಚಲಿನ ಹಬೆ ಸಾಕು, ಒಗ್ಗರಣೆಯ ಹೊಗೆ ಸಾಕು, ಪಕ್ಕದ ಕೋಣೆಯ ಅಗರಬತ್ತಿ ಸಾಕು.

ಎರಡನೆಯ ಕೇಡು ಇದರ ತದ್ವಿರುದ್ಧ, ಮತ್ತು ಹೆಚ್ಚು ಅಪಾಯದ್ದು. ಡಿಟೆಕ್ಟರ್‌ನ ಸುತ್ತ ಹುಳು ಬರದಂತೆ ಸಣ್ಣ ಜಾಲರಿ ಇರುತ್ತದೆ. ಬಟ್ಟೆಯ ನಾರು, ಅಡುಗೆಯ ಜಿಡ್ಡು ಅಥವಾ ಪೇಂಟರ್‌ನ ಬ್ರಷ್ ಆ ಜಾಲರಿಯನ್ನು ಮುಚ್ಚಿಬಿಟ್ಟರೆ ಹೊಗೆ ಒಳಗೆ ಹೋಗುವುದೇ ಇಲ್ಲ. ಇಂಥ ಡಿಟೆಕ್ಟರ್ ಯಾರಿಗೂ ಕಾಟ ಕೊಡುವುದಿಲ್ಲ. ಮೇಲ್ನೋಟಕ್ಕೆ ಬಹಳ ಸಾಧು. ಪ್ಯಾನೆಲ್ಲಿನಲ್ಲಿ ಅಂಕಿಯೂ 25, ಯಾಕೆಂದರೆ ಒಳಗಿನ ಗೂಡು ಸ್ವಚ್ಛವಾಗಿಯೇ ಇದೆ. ಕಾಟ ಕೊಡುವ ಡಿಟೆಕ್ಟರ್‌ಗೆ ನಾವು ಬೈಯುತ್ತೇವೆ. ಸುಮ್ಮನಿರುವುದನ್ನು ಯಾರೂ ಕೇಳುವುದಿಲ್ಲ.

ಆದ್ದರಿಂದ ಪರೀಕ್ಷೆ ಎರಡು ಬಗೆಯದು ಬೇಕು. ಒಳಗೆ ಎಷ್ಟು ಧೂಳಿದೆ ಎಂಬುದಕ್ಕೆ ಪ್ಯಾನೆಲ್ಲಿನ ಅಂಕಿ. ಹೊರಗಿನ ಹೊಗೆ ಒಳಗೆ ತಲುಪುತ್ತದೆಯೇ ಎಂಬುದಕ್ಕೆ ಪರೀಕ್ಷಾ ಹೊಗೆ. ಇವೆರಡರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದು, ಜ್ವರ ನೋಡಿ ನಾಡಿ ನೋಡದೆ ಎದ್ದುಬಂದ ಹಾಗೆ.

ಇಲ್ಲಿ ಒಂದು ತಾಂತ್ರಿಕ ಸಂಗತಿ ತಿಳಿದಿರಲಿ. ಈಗಿನ ಅನೇಕ ವ್ಯವಸ್ಥೆಗಳು ಧೂಳು ಹೆಚ್ಚಾದಂತೆ ಅಲಾರ್ಮಿನ ಮಟ್ಟವನ್ನೂ ತಾವೇ ಸ್ವಲ್ಪ ಸ್ವಲ್ಪ ಮೇಲಕ್ಕೆ ಸರಿಸಿಕೊಳ್ಳುತ್ತವೆ. ಇದಕ್ಕೆ ಡ್ರಿಫ್ಟ್ ಕಾಂಪೆನ್ಸೇಶನ್ ಎನ್ನುತ್ತಾರೆ. ತಿಂಗಳುಗಟ್ಟಲೆ ನಿಧಾನವಾಗಿ ಏರಿದ್ದು ಧೂಳು, ನಿಮಿಷಗಳಲ್ಲಿ ಏರಿದ್ದು ಹೊಗೆ ಎಂಬುದು ಅದರ ತರ್ಕ. ಒಳ್ಳೆಯದೇ, ಸುಳ್ಳು ಅಲಾರ್ಮ್ ಕಡಿಮೆಯಾಗುತ್ತದೆ. ಆದರೆ ಸರಿಸಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ಮಿತಿ ಮುಟ್ಟಿದಾಗ ಪ್ಯಾನೆಲ್ಲಿನಲ್ಲಿ ಹಳದಿ ದೀಪ ಹತ್ತಿ, ಡಿಟೆಕ್ಟರ್ ಕೊಳೆಯಾಗಿದೆ, ಸರ್ವಿಸ್ ಬೇಕು ಎಂಬ ಸಂದೇಶ ಬರುತ್ತದೆ. ಕೆಲವು ಕಂಪೆನಿಗಳು ಈ ಮಿತಿಯಲ್ಲಿ ಎಷ್ಟು ಖರ್ಚಾಗಿದೆ ಎಂದು ಶೇಕಡಾ ಲೆಕ್ಕದಲ್ಲಿ ತೋರಿಸುತ್ತವೆ, ಕೆಲವು ಬರೀ ಅಂಕಿ ಕೊಡುತ್ತವೆ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ನಿಮ್ಮ ಪ್ಯಾನೆಲ್ಲಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಅಂಕಿಗೆ ಏನರ್ಥ ಎಂದು ಇರುತ್ತದೆ. ಆ ಪುಟದ ಜೆರಾಕ್ಸ್ ತೆಗೆದು ಪ್ಯಾನೆಲ್ಲಿನ ಪಕ್ಕ ಅಂಟಿಸಿ.

ನಾನೇ ಆಫ್ ಮಾಡಿಸಿದ್ದು

ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದೆ. ಅಲ್ಲಿ ಮೊದಲ ಮಹಡಿಯಲ್ಲಿ ನಮ್ಮ ಹಮ್ಮಾಮ್ ಮತ್ತು ಇಂಕಿಬಾಬ್ ಕೋಣೆ ಇತ್ತು. ಇಂಕಿಬಾಬ್ ಎಂದರೆ ಔಷಧಿಯ ಹಬೆ ತೆಗೆದುಕೊಳ್ಳುವ ಚಿಕಿತ್ಸೆ. ಆ ಕೋಣೆಯ ಎದುರಿನ ಕಾರಿಡಾರಿನಲ್ಲಿದ್ದ ಡಿಟೆಕ್ಟರ್ ತಿಂಗಳಿಗೊಮ್ಮೆ ಕೂಗುತ್ತಿದ್ದದ್ದು, ಆಮೇಲೆ ವಾರಕ್ಕೊಮ್ಮೆ ಕೂಗತೊಡಗಿತು. ಒಂದು ರಾತ್ರಿ ಎರಡು ಗಂಟೆಗೆ ಕೂಗಿದಾಗ ಉಬ್ಬಸದ ರೋಗಿಯೊಬ್ಬರು ಗಾಬರಿಯಲ್ಲಿ ಮೆಟ್ಟಿಲ ಹತ್ತಿರ ಬಿದ್ದು ಮಣಿಕಟ್ಟು ಮುರಿದುಕೊಂಡರು. ನನಗೆ ಸಿಟ್ಟು ಬಂತು. "ಅದನ್ನು ಆಫ್ ಮಾಡಿ, ನಾಳೆ ನೋಡೋಣ" ಎಂದು ಡ್ಯೂಟಿ ನರ್ಸ್‌ಗೆ ಹೇಳಿದೆ. ಆಕೆ ವಾಚ್‌ಮನ್‌ಗೆ ಹೇಳಿದರು. ಆತ ಪ್ಯಾನೆಲ್ಲಿನಲ್ಲಿ ಏನೋ ಒತ್ತಿದ. ಸದ್ದು ನಿಂತಿತು. ನಾಳೆ ಯಾರೂ ನೋಡಲಿಲ್ಲ.

ಒಂಬತ್ತು ತಿಂಗಳ ನಂತರ ಲೈಸೆನ್ಸ್ ನವೀಕರಣಕ್ಕೆ ಕಾಗದಪತ್ರ ಸೇರಿಸುವಾಗ ನನಗೆ ಆ ರಾತ್ರಿ ನೆನಪಾಯಿತು. ಪ್ಯಾನೆಲ್ಲಿನ ಹಳದಿ ದೀಪದ ಮೇಲೆ ಯಾರೋ ಸ್ಟಿಕ್ಕರ್ ಅಂಟಿಸಿದ್ದರು. ಸರ್ವಿಸ್ ಮಾಡುವವರ ರಿಜಿಸ್ಟರಿನಲ್ಲಿ ಮೂರು ತಿಂಗಳಿಗೊಮ್ಮೆ ಒಂದೇ ಕೈಬರಹದಲ್ಲಿ 'ಆಲ್ ಓಕೆ' ಎಂದು ಬರೆದಿತ್ತು. ಅಂಕಿ ಎಲ್ಲೂ ಇರಲಿಲ್ಲ. ಬೇರೆ ಕಡೆಯಿಂದ ಒಬ್ಬ ಯುವಕನನ್ನು ಕರೆಸಿದೆವು.

"ತಮ್ಮಾ, ಒಂದೊಂದು ಡಿಟೆಕ್ಟರ್ ಈಗ ಏನು ಹೇಳ್ತಿದೆ ಅಂತ ನನಗೆ ತೋರಿಸು" ಎಂದೆ.

"ಎಲ್ಲಾನೂ ಪ್ರಿಂಟ್ ತೆಗೀಬಹುದು ಸರ್. ಇದುವರೆಗೆ ಯಾರೂ ಕೇಳಿಲ್ಲ ಅಷ್ಟೆ" ಎಂದ.

ಮೊದಲು ಹೊರಬಂದದ್ದು ಆಫ್ ಮಾಡಿಟ್ಟ ಡಿಟೆಕ್ಟರ್‌ಗಳ ಪಟ್ಟಿ. ನಾನು ಹೇಳಿದ್ದು ಒಂದನ್ನು. ಪಟ್ಟಿಯಲ್ಲಿ ಐದಿದ್ದವು. ಒಮ್ಮೆ ದಾರಿ ಗೊತ್ತಾದ ಮೇಲೆ ವಾಚ್‌ಮನ್‌ಗಳು ಕೂಗಿದ್ದನ್ನೆಲ್ಲ ಮುಚ್ಚುತ್ತಾ ಬಂದಿದ್ದರು. ಅಂದರೆ ಒಂಬತ್ತು ತಿಂಗಳು ಮೊದಲ ಮಹಡಿಯ ಅರ್ಧ ಭಾಗಕ್ಕೆ ಕಾವಲೇ ಇರಲಿಲ್ಲ, ಅದಕ್ಕೆ ನಾಂದಿ ಹಾಡಿದವನು ನಾನು. ಅಲ್ಲಾಹನ ಕೃಪೆ, ಆ ಅವಧಿಯಲ್ಲಿ ಏನೂ ಆಗಲಿಲ್ಲ.

ನಂತರ ಅಂಕಿಗಳ ಪಟ್ಟಿ ಬಂತು. ಅಲ್ಲಿಯ ಲೆಕ್ಕವೂ 25ರಿಂದ 55ರದ್ದೇ. ಹೆಚ್ಚಿನವು 24ರಿಂದ 29ರೊಳಗೆ ಇದ್ದವು. ಹಮ್ಮಾಮಿನ ಎದುರಿನದ್ದು 46, ಅಂದರೆ ಹೊಗೆ ಇಲ್ಲದೆಯೇ ಮುನ್ನೆಚ್ಚರಿಕೆಯ ಗೆರೆ ದಾಟಿತ್ತು. ಬೆಡ್‌ಶೀಟ್ ಇಡುವ ಕೋಣೆಯದ್ದು 41, ಬಟ್ಟೆಯ ನಾರಿನಿಂದ. ಮೆಟ್ಟಿಲ ಬಳಿಯದ್ದು 43. ಅಲ್ಲಿ ಹಿಂದಿನ ವರ್ಷ ಟೈಲ್ಸ್ ಕತ್ತರಿಸಿದ್ದರು, ಡಿಟೆಕ್ಟರ್‌ಗೆ ಮುಚ್ಚಳ ಹಾಕಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಂದು ದೊಡ್ಡ ತಪ್ಪು ಉಳಿದುಬಿಡುತ್ತಿತ್ತು. ಆ ಹುಡುಗ ಕೋಲಿನ ತುದಿಯ ಬಟ್ಟಲಿನಲ್ಲಿ ಪರೀಕ್ಷಾ ಹೊಗೆಯ ಡಬ್ಬಿ ಇಟ್ಟು ಒಂದೊಂದಕ್ಕೂ ಹಿಡಿಯುತ್ತಾ ಬಂದ. ಮಹಿಳಾ ವಾರ್ಡಿನ ಬಾಗಿಲಿನದ್ದು ಎಷ್ಟು ಹಿಡಿದರೂ ಸುಮ್ಮನಿತ್ತು. ಪ್ಯಾನೆಲ್ಲಿನಲ್ಲಿ ಅದರ ಅಂಕಿ 25, ಎಲ್ಲಕ್ಕಿಂತ ಆರೋಗ್ಯವಂತ. ಇಳಿಸಿ ನೋಡಿದರೆ ಪೇಂಟರ್ ಸೀಲಿಂಗಿನ ಜೊತೆ ಅದಕ್ಕೂ ಎರಡು ಕೋಟ್ ಬಿಳಿ ಬಣ್ಣ ಬಳಿದಿದ್ದ. ಜಾಲರಿಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು.

ಸ್ವಚ್ಛಗೊಳಿಸಿದ ಮೇಲೆ ಹಮ್ಮಾಮಿನ ಎದುರಿನದ್ದು 27ಕ್ಕೆ ಇಳಿಯಿತು, ಬೆಡ್‌ಶೀಟ್ ಕೋಣೆಯದ್ದು 26ಕ್ಕೆ. ಮೆಟ್ಟಿಲ ಬಳಿಯದ್ದು 38ಕ್ಕಿಂತ ಕೆಳಗೆ ಬರಲಿಲ್ಲ, ಬದಲಿಸಿದೆವು. ಬಣ್ಣ ಬಳಿದದ್ದನ್ನು ಎಸೆದು ಹೊಸದು ಹಾಕಿದೆವು. ಬಣ್ಣ ಕೆರೆದು ಉಪಯೋಗಿಸುವ ವಸ್ತುವಲ್ಲ ಅದು. ಹಮ್ಮಾಮಿನ ಎದುರಿನದ್ದನ್ನು ಹಬೆ ತಾಗದಷ್ಟು ದೂರ ಸರಿಸಿ, ಹಬೆಯ ಕೋಣೆಯೊಳಗೆ ಹೊಗೆಯ ಬದಲು ಶಾಖವನ್ನು ಗುರುತಿಸುವ ಡಿಟೆಕ್ಟರ್ ಹಾಕಿಸಿದೆವು. ದೊಡ್ಡ ಅಡುಗೆಮನೆಗಳಿಗೂ ಇದೇ ಸರಿ. ಒಗ್ಗರಣೆ ಹಾಕುವ ಜಾಗದಲ್ಲಿ ಸ್ಮೋಕ್ ಡಿಟೆಕ್ಟರ್ ಇಟ್ಟು ಅದು ಕೂಗುತ್ತದೆ ಎಂದು ದೂರುವುದು ನ್ಯಾಯವಲ್ಲ.

ಏನು ಕೇಳಬೇಕು, ಏನು ಮಾಡಬಾರದು

ನೀವು ಅಪಾರ್ಟ್‌ಮೆಂಟಿನ ಅಸೋಸಿಯೇಶನ್‌ನಲ್ಲಿದ್ದರೆ, ಮದ್ರಸ ಹಾಸ್ಟೆಲ್ ಅಥವಾ ಶಾದಿಮಹಲಿನ ಕಮಿಟಿಯಲ್ಲಿದ್ದರೆ, ಸರ್ವಿಸ್‌ನವರಿಂದ ಓಕೆ ಎಂಬ ಸಹಿಯ ಬದಲು ಪ್ರತಿ ಡಿಟೆಕ್ಟರ್‌ನ ಅಂಕಿಯ ಪ್ರಿಂಟ್ ಕೇಳಿ. ಇದಕ್ಕೆ ಏಣಿ ಹತ್ತಬೇಕಿಲ್ಲ, ಪ್ಯಾನೆಲ್ಲಿನ ಮುಂದೆ ನಿಂತೇ ಆಗುವ ಕೆಲಸ. ಗಾಳಿ ಶುದ್ಧವಾಗಿರುವ ಹೊತ್ತಿನಲ್ಲಿ ತೆಗೆಯಿರಿ, ಅಡುಗೆ ಅಥವಾ ಗುಡಿಸುವ ಸಮಯದಲ್ಲಿ ಬೇಡ. ಹಿಂದಿನ ಪ್ರಿಂಟ್ ಪಕ್ಕದಲ್ಲಿಟ್ಟು ಹೋಲಿಸಿ. ಒಂದು ಮಾತ್ರ ಥಟ್ಟನೆ ಏರಿದ್ದರೆ ಒಳಗೆ ಹುಳು, ಜೇಡ ಅಥವಾ ತೇವ ಸೇರಿರಬಹುದು. ಮೊದಲ ಮಳೆಯ ರೆಕ್ಕೆಹುಳುಗಳ ಕಾಲದಲ್ಲಿ ಇದು ಸಾಮಾನ್ಯ. ಒಂದು ಮಹಡಿಯದ್ದೆಲ್ಲ ಒಟ್ಟಿಗೆ ಏರಿದ್ದರೆ ಅಲ್ಲಿ ಯಾರೋ ಗೋಡೆ ಒಡೆದಿದ್ದಾರೆ, ಟೈಲ್ಸ್ ಕತ್ತರಿಸಿದ್ದಾರೆ ಎಂದು ತಿಳಿಯಿರಿ. ಅಂಕಿ ಮಾಮೂಲಿಗಿಂತ ತೀರಾ ಕೆಳಗಿಳಿದಿದ್ದರೂ ಸಂತೋಷಪಡಬೇಡಿ, ಅದು ಒಳಗಿನ ದೋಷದ ಸೂಚನೆ. ಅಂಕಿಗಳ ಜೊತೆಗೇ, ಆಫ್ ಮಾಡಿಟ್ಟವುಗಳ ಪಟ್ಟಿಯನ್ನೂ ಕೇಳಿ. ಅದನ್ನು ತಾವಾಗಿ ಯಾರೂ ತೋರಿಸುವುದಿಲ್ಲ.

ಎಷ್ಟು ಸಲ? ಭಾರತದಲ್ಲಿ ಈ ವ್ಯವಸ್ಥೆಗಳ ಅಳವಡಿಕೆ ಮತ್ತು ನಿರ್ವಹಣೆಗೆ ಐಎಸ್ 2189 ಎಂಬ ಮಾನದಂಡ ಇದೆ, ಸರ್ವಿಸ್ ಕರಾರಿನಲ್ಲಿ ಅದರ ಹೆಸರು ಬರೆಸಿಕೊಳ್ಳಿ. ಅಮೆರಿಕದ ಎನ್‌ಎಫ್‌ಪಿಎ 72 ನಿಯಮದ ಪ್ರಕಾರ ಡಿಟೆಕ್ಟರ್‌ನ ಸೂಕ್ಷ್ಮತೆಯನ್ನು ಹಾಕಿದ ಒಂದು ವರ್ಷದೊಳಗೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಅಳೆಯಬೇಕು. ಆ ಪರೀಕ್ಷೆಗಳಲ್ಲಿ ಸರಿಯಾಗಿ ಉಳಿದದ್ದು ಕಂಡರೆ ಐದು ವರ್ಷದವರೆಗೆ ವಿಸ್ತರಿಸಬಹುದು. ನಮ್ಮ ಊರುಗಳ ಧೂಳಿಗೆ ಐದು ವರ್ಷ ಬಹಳ ಹೆಚ್ಚಾಯಿತು. ಪ್ರಿಂಟ್ ತೆಗೆಯಲು ಖರ್ಚಿಲ್ಲದಿರುವಾಗ ಆರು ತಿಂಗಳಿಗೊಮ್ಮೆ ತೆಗೆಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಸುಣ್ಣಬಣ್ಣ ಅಥವಾ ರಿಪೇರಿ ಕೆಲಸ ಮುಗಿದ ಮೇಲೆ ಕಡ್ಡಾಯವಾಗಿ ಇನ್ನೊಮ್ಮೆ.

ಹಳೆಯ ಮಾದರಿಯ ಪ್ಯಾನೆಲ್‌ಗಳು ಬರೀ 'ಎರಡನೇ ಝೋನ್' ಎಂದಷ್ಟೇ ತೋರಿಸುತ್ತವೆ, ಒಂದೊಂದರ ಅಂಕಿ ಕೊಡುವುದಿಲ್ಲ. ಅಲ್ಲಿ ಡಿಟೆಕ್ಟರ್ ಇಳಿಸಿ ಅಳತೆಯ ಉಪಕರಣದಿಂದ ನೋಡಬೇಕು, ಇಲ್ಲವೇ ತಯಾರಕರ ಸರ್ವಿಸ್ ಕೇಂದ್ರಕ್ಕೆ ಕಳಿಸಬೇಕು. ಕಳಿಸುವಾಗ ಆ ಜಾಗಕ್ಕೆ ಬದಲಿ ಡಿಟೆಕ್ಟರ್ ಇರಲಿ. ಕೆಲವು ಹಳೆಯ ಡಿಟೆಕ್ಟರ್‌ಗಳಲ್ಲಿ ಅಮೆರಿಸಿಯಂ 241 ಎಂಬ ವಿಕಿರಣ ವಸ್ತು ತೀರಾ ಸಣ್ಣ ಪ್ರಮಾಣದಲ್ಲಿರುತ್ತದೆ. ಇದ್ದಲ್ಲಿ ಇದ್ದರೆ ತೊಂದರೆಯಿಲ್ಲ. ಆದರೆ ಅಂಥದ್ದನ್ನು ಬಿಚ್ಚಬಾರದು, ಕಸದ ಬುಟ್ಟಿಗೆ ಹಾಕಬಾರದು.

ಇನ್ನು ಪರೀಕ್ಷಾ ಹೊಗೆಯ ವಿಷಯ. ನಮ್ಮಲ್ಲಿ ಬಹಳ ಕಡೆ ಅಗರಬತ್ತಿ ಹಚ್ಚಿ ಡಿಟೆಕ್ಟರ್ ಕೆಳಗೆ ಹಿಡಿಯುತ್ತಾರೆ, ಕೆಲವರು ಬೀಡಿಯ ಹೊಗೆ ಊದುತ್ತಾರೆ. ಅದು ಕೂಗುತ್ತದೆ ನಿಜ. ಆದರೆ ಆ ಹೊಗೆಯ ಅಂಟು ಒಳಗಿನ ಗೋಡೆಗೆ ಮೆತ್ತಿಕೊಂಡು, ಮುಂದಿನ ಧೂಳು ಬಂದು ಕೂರಲು ಹಾಸಿಗೆ ಹಾಸಿಕೊಟ್ಟಂತಾಗುತ್ತದೆ. ಇದಕ್ಕೆಂದೇ ಮಾಡಿದ ಸ್ಪ್ರೇ ಡಬ್ಬಿ ಸಿಗುತ್ತದೆ, ಅದನ್ನೇ ಬಳಸುವಂತೆ ಹೇಳಿ. ಮತ್ತು ಈ ಪರೀಕ್ಷೆಯಿಂದ ಹೊಗೆ ಒಳಹೋಗುತ್ತದೆ, ಡಿಟೆಕ್ಟರ್ ಜೀವಂತವಾಗಿದೆ ಎಂದಷ್ಟೇ ತಿಳಿಯುತ್ತದೆ. ಎಷ್ಟು ಕೊಳೆಯಾಗಿದೆ ಎಂದು ತಿಳಿಯುವುದಿಲ್ಲ.

ಸ್ವಚ್ಛ ಮಾಡುವುದು ತಿಳಿದವರ ಕೆಲಸ. ಆ ಒಂದು ಡಿಟೆಕ್ಟರನ್ನು ಮಾತ್ರ ಪ್ಯಾನೆಲ್ಲಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಇಳಿಸಿ, ಮುಚ್ಚಳ ಮತ್ತು ಜಾಲರಿ ತೆಗೆದು ಮೃದು ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ಧೂಳು ಎಳೆಯುತ್ತಾರೆ, ಒಣ ಗಾಳಿ ಊದುತ್ತಾರೆ. ಕೆಲವು ತಯಾರಕರು ಬಿಚ್ಚಲು ಬಿಡುವುದಿಲ್ಲ, ಅವರ ಮಾತು ಕೇಳಬೇಕು. ಒದ್ದೆ ಬಟ್ಟೆ, ಫಿನಾಯಿಲ್, ಸೋಪು ಯಾವುದೂ ಕೂಡದು. ಸೊಳ್ಳೆ ಸ್ಪ್ರೇ, ರೂಮ್ ಫ್ರೆಶ್ನರ್‌ಗಳನ್ನು ಅದರ ಕೆಳಗೆ ಹೊಡೆಯಬಾರದು. ಮತ್ತೆ ಹಾಕಿದ ನಂತರ ಅಂಕಿ ನೋಡಿ, ಪರೀಕ್ಷಾ ಹೊಗೆ ಹಿಡಿದು, ನಿಲ್ಲಿಸಿದ್ದನ್ನು ಪುನಃ ಚಾಲೂ ಮಾಡಬೇಕು. ಈ ಕೊನೆಯ ಹೆಜ್ಜೆಯನ್ನೇ ಜನ ಮರೆಯುವುದು. ಮಹಡಿಯಲ್ಲಿ ಕೆಲಸ ನಡೆಯುವಾಗ ಡಿಟೆಕ್ಟರ್ ಜೊತೆ ಬರುವ ಪ್ಲಾಸ್ಟಿಕ್ ಧೂಳುಮುಚ್ಚಳ ಹಾಕುವುದು ಸರಿಯೇ, ಆದರೆ ಸಂಜೆ ಕೆಲಸದವರು ಹೊರಡುವಾಗ ಅದು ತೆಗೆದಿರಬೇಕು.

ಮನೆಯಲ್ಲಿ ಸ್ವಂತಕ್ಕೆ ಹಾಕಿಕೊಳ್ಳುವ ಬ್ಯಾಟರಿಯ ಅಲಾರ್ಮಿಗೆ ಪ್ಯಾನೆಲ್ ಇಲ್ಲ, ಅಂಕಿಯೂ ಇಲ್ಲ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ, ಆಗಾಗ ಹೊರಗಿನಿಂದ ಮೃದು ಬ್ರಷ್‌ನ ವ್ಯಾಕ್ಯೂಮ್ ಆಡಿಸಿ. ನಿಮಿಷಕ್ಕೊಮ್ಮೆ 'ಚಿಕ್' ಎಂದರೆ ಹೆಚ್ಚಾಗಿ ಬ್ಯಾಟರಿ ಮುಗಿದಿದೆ ಎಂದರ್ಥ. ಹತ್ತು ವರ್ಷವಾದರೆ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಬೇಕು, ತಯಾರಾದ ದಿನಾಂಕ ಹಿಂಬದಿಯಲ್ಲಿರುತ್ತದೆ. ಗಲ್ಫ್ ದೇಶಗಳಲ್ಲಿರುವ ನಮ್ಮ ಕುಟುಂಬಗಳಿಗೆ ಈ ಉಪಕರಣ ಹೊಸದಲ್ಲ. ಅಲ್ಲಿಯ ಫ್ಲ್ಯಾಟುಗಳಲ್ಲಿ ಬುಖೂರ್ ಹಾಕುವ ರೂಢಿಯೂ ಇದೆ, ಡಿಟೆಕ್ಟರ್‌ಗೆ ಟೇಪ್ ಸುತ್ತುವ ರೂಢಿಯೂ ಇದೆ. ಬುಖೂರ್ ಬೇಕಿದ್ದರೆ ಡಿಟೆಕ್ಟರ್‌ನ ಕೆಳಗೆ ಬೇಡ, ಕಿಟಕಿಯ ಹತ್ತಿರ, ಬಾಗಿಲು ತೆರೆದು ಹಾಕಿ. ಆದರೂ ಕೂಗಿದರೆ, ಹಿಂದೆ ಅಷ್ಟೇ ಹೊಗೆಗೆ ಕೂಗುತ್ತಿತ್ತೇ ಎಂದು ಯೋಚಿಸಿ. ಇಲ್ಲವೆಂದಾದರೆ ಬಿಲ್ಡಿಂಗಿನ ನಾತೂರ್‌ಗೆ ಹೇಳಿ ಅಳತೆ ಮಾಡಿಸಿ.

ಬಾಣಂತಿಯ ಕೋಣೆಯ ಮಾತು ಬಾಕಿ ಇದೆ. ನಿಗಿನಿಗಿ ಕೆಂಡದಲ್ಲಿ ಹೊಗೆ ಕಡಿಮೆ, ಆದರೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ಮೋಕ್ ಡಿಟೆಕ್ಟರ್ ಎಷ್ಟೇ ಸ್ವಚ್ಛವಾಗಿದ್ದರೂ ಆ ಅನಿಲವನ್ನು ಗುರುತಿಸಲಾರದು, ಅದಕ್ಕೆ ಬೇರೆಯೇ ಉಪಕರಣ ಬೇಕು. ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದನ್ನು ನಾನು ಯಾವ ಬಾಣಂತಿಗೂ ಒಪ್ಪುವುದಿಲ್ಲ. ಲೋಬಾನದ ಹೊಗೆಯನ್ನು ನಮ್ಮ ವೈದ್ಯಗ್ರಂಥಗಳು ಗಾಳಿಯ ಶುದ್ಧಿಗೆ ಹೇಳುತ್ತವೆ, ನಿಜ. ಅಂಗಳ ಮತ್ತು ಗಾಳಿಗಂಡಿ ಇದ್ದ ಮನೆಗಳಿಗೆ ಹೇಳಿದ್ದದು. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಹನ್ನೆರಡು ದಿನದ ಕೂಸಿಗೆ ಕೊಡುವಂಥದ್ದಲ್ಲ.

ಖಾಲಾ ಅವರಿಗೆ ಇದನ್ನು ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಅತ್ತೆಯೂ ಹಾಗೆಯೇ ಮಾಡುತ್ತಿದ್ದರಂತೆ. ಕೊನೆಗೆ ಲೋಬಾನದ ಬಟ್ಟಲು ಬಾಲ್ಕನಿಗೆ ಹೋಯಿತು. ಮಗುವಿನ ಬಟ್ಟೆಗಳನ್ನು ಅಲ್ಲಿ ಅದರ ಮೇಲೆ ಹಿಡಿದು ಒಳತರುವುದೆಂದು ಒಪ್ಪಿಕೊಂಡರು. ಡಿಟೆಕ್ಟರ್‌ನ ಚೀಲವನ್ನು ನಾನೇ ಕುರ್ಚಿ ಹತ್ತಿ ತೆಗೆದೆ. ಮರುದಿನ ಅವರ ದೊಡ್ಡ ಮಗ ಅಸೋಸಿಯೇಶನ್‌ನವರಿಂದ ಅಳತೆ ತೆಗೆಸಿದಾಗ ಆ ಕೋಣೆಯದ್ದೊಂದೇ ಅಲ್ಲ, ಆ ಮಹಡಿಯ ನಾಲ್ಕೂ ಫ್ಲ್ಯಾಟುಗಳದ್ದು ಏರಿತ್ತು. ಹೋದ ವರ್ಷ ಎದುರಿನ ಮನೆಯವರು ಗ್ರಾನೈಟ್ ಹಾಕಿಸಿದ್ದರಂತೆ. ಲೋಬಾನದ ಮೇಲೆ ಬಂದಿದ್ದ ಆರೋಪದಲ್ಲಿ ಅರ್ಧ ಆ ಕಲ್ಲುಪುಡಿಗೆ ಸೇರಬೇಕಾದದ್ದು. ನಾಲ್ಕನ್ನೂ ಇಳಿಸಿ ಸ್ವಚ್ಛ ಮಾಡಿ ಹಾಕಿದರು. ವಾರದ ನಂತರ ಹೋದಾಗ ಮಗುವಿನ ಮೂಗು ತೆರೆದಿತ್ತು, ಹಾಲು ಕುಡಿದು ಮಲಗಿತ್ತು. ಸೀಲಿಂಗಿನ ಸಣ್ಣ ಕೆಂಪು ದೀಪ ಆಗಾಗ ಮಿನುಗುತ್ತಿತ್ತು.